ಪಬ್‌ನ ದೃಶ್ಯ ಬರೆಯುವ ಮುನ್ನ: ಕನ್ನಡ ಚಿತ್ರರಂಗದವರಿಗೆ ಒಂದು ಬಹಿರಂಗ ಪತ್ರ

ಕನ್ನಡ ಚಲನಚಿತ್ರಗಳ ನಿರ್ದೇಶಕರು, ನಿರ್ಮಾಪಕರು, ಚಿತ್ರಕಥೆ ಹಾಗೂ ಸಂಭಾಷಣೆ ಬರೆಯುವವರು ಮತ್ತು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಪದಾಧಿಕಾರಿಗಳಿಗೆ,

ವಿಷಯ: ನಗರದ ಯುವಜನರನ್ನೂ ಪಬ್‌ಗಳನ್ನೂ ತೆರೆಯ ಮೇಲೆ ತೋರಿಸುತ್ತಿರುವ ರೀತಿಯ ಕುರಿತು.

ಮಾನ್ಯರೇ,

ನಾನು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಹೆಣ್ಣುಮಗಳು. 2013ರಿಂದ ಬೆಂಗಳೂರಿನ ಎಂ.ಜಿ. ರಸ್ತೆಯ ಆಸುಪಾಸಿನ ಪಬ್‌ಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಬಾಗಿಲಲ್ಲಿ ನಿಂತು ಬಂದವರಿಗೆ ಟೇಬಲ್ ತೋರಿಸುವ ಕೆಲಸದಿಂದ ಶುರುಮಾಡಿದವಳು, ಈಗ ಹದಿನಾಲ್ಕು ಜನ ಕೆಲಸಗಾರರಿರುವ ಒಂದು ಮಹಡಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದೇನೆ. ಈ ಸಂಬಳದಲ್ಲಿಯೇ ತಮ್ಮನ ಡಿಪ್ಲೊಮಾ ಮುಗಿಯಿತು, ಊರಿನ ಹೆಂಚಿನ ಮನೆಗೆ ತಾರಸಿ ಹಾಕಿಸಿದೆವು. ಪಬ್ ಎಂದರೆ ನನಗೆ ದಿನಕ್ಕೆ ಹತ್ತು ಗಂಟೆ ನಿಂತು ದುಡಿಯುವ ಜಾಗ. ಕನ್ನಡ ಸಿನಿಮಾ ಎಂದರೆ ಅಪ್ಪನ ಹೆಗಲ ಮೇಲೆ ಕೂತು ಟೆಂಟಿನಲ್ಲಿ ನೋಡಲು ಶುರುಮಾಡಿದ್ದು. ಎರಡೂ ನನ್ನವೇ ಎಂಬ ಸಲುಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

2018ರ ಬೇಸಿಗೆಯಲ್ಲಿ, ನಾನು ಆಗ ಕೆಲಸ ಮಾಡುತ್ತಿದ್ದ ಪಬ್‌ನಲ್ಲಿ ಒಂದು ಕನ್ನಡ ಚಿತ್ರದ ಚಿತ್ರೀಕರಣ ಎರಡು ದಿನ ನಡೆಯಿತು. ನಗರದ ಹುಡುಗ ಹುಡುಗಿಯರ ರಾತ್ರಿ ಬದುಕಿನ ಕಥೆ ಎಂದು ಹೇಳಿದ್ದರು. ಚಿತ್ರದ ಹೆಸರನ್ನಾಗಲಿ, ಅದಕ್ಕೆ ದುಡಿದವರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅಂಥ ದೃಶ್ಯಗಳನ್ನು ಸಲೀಸಾಗಿ ಬರೆದುಬಿಡುವ ರೂಢಿಯ ಮೇಲೆ ನನ್ನ ದೂರಿದೆಯೇ ಹೊರತು ಆ ಒಂದು ತಂಡದ ಮೇಲಲ್ಲ. ಬೆಳಿಗ್ಗೆ ಆರು ಗಂಟೆಗೆ ಯೂನಿಟ್‌ನವರು ಬಂದು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ಹಗಲನ್ನು ರಾತ್ರಿ ಮಾಡಿದರು. ಹೊಗೆ ಬಿಡುವ ಯಂತ್ರ ಬಂತು. ವಿಸ್ಕಿಯ ಬದಲು ನೀರು ಬೆರೆಸಿದ ಟೀ ಡಿಕಾಕ್ಷನ್ನನ್ನು ನಮ್ಮದೇ ಗ್ಲಾಸುಗಳಿಗೆ ನಾನೇ ಸುರಿದು ಕೊಟ್ಟೆ. ಏಜೆಂಟರು ಕರೆತಂದಿದ್ದ ನಲವತ್ತು ಐವತ್ತು ಮಂದಿ ಜೂನಿಯರ್ ಕಲಾವಿದರು ಒಂಬತ್ತು ಗಂಟೆಗೆ ಇಡ್ಲಿ ತಿಂದು ಬಂದು, ಸಂಭಾಷಣೆ ದಾಖಲಾಗುತ್ತಿದ್ದುದರಿಂದ ಹಾಡು ಹಾಕುವಂತಿರಲಿಲ್ಲವಾಗಿ, ಹಾಡೇ ಇಲ್ಲದೆ ಸದ್ದಾಗದಂತೆ ಬರಿಗಾಲಿನಲ್ಲಿ ಕುಣಿದರು. ಅದನ್ನು ನೋಡುತ್ತ ನಿಂತ ನಮಗೆಲ್ಲ ಅವರ ಕಸುಬಿನ ಮೇಲೆ ನಿಜವಾದ ಗೌರವ ಮೂಡಿತ್ತು.

ಅಂದು ತೆಗೆದ ದೃಶ್ಯ ಇಷ್ಟು. ನಾಯಕಿಯ ಗೆಳತಿ ಕುಡಿದು ತೂರಾಡುತ್ತಿರುತ್ತಾಳೆ. ನಾಯಕ ಒಳಗೆ ಬಂದವನೇ ಅವಳ ಕೆನ್ನೆಗೆ ಬಾರಿಸುತ್ತಾನೆ. ಸಂಗೀತ ನಿಲ್ಲುತ್ತದೆ, ಇಡೀ ಪಬ್ ತಲೆ ತಗ್ಗಿಸುತ್ತದೆ, ಅವನು ಎರಡು ನಿಮಿಷ ಹೆತ್ತವರ ಬೆವರಿನ ಬಗ್ಗೆ, ಈ ನಾಡಿನ ಹೆಣ್ಣುಮಕ್ಕಳ ಬಗ್ಗೆ, ಮನೆ ಮುಂದಿನ ತುಳಸಿಕಟ್ಟೆಯ ಬಗ್ಗೆ ಮಾತನಾಡುತ್ತಾನೆ. ನಾಯಕಿ ತನ್ನ ದುಪಟ್ಟಾ ತೆಗೆದು ಗೆಳತಿಗೆ ಹೊದಿಸಿ ಕರೆದುಕೊಂಡು ಹೋಗುತ್ತಾಳೆ.

ಏಟು ತಾಕದಂತೆ ಹೊಡೆಯುವುದನ್ನು ಮೊದಲೇ ಅಭ್ಯಾಸ ಮಾಡಿಸಿದ್ದರು. ನಾಲ್ಕು ಟೇಕ್ ಹಾಗೆಯೇ ಆದವು. ಐದನೆಯದರಲ್ಲಿ ಕೈ ತಾಕಿಯೇಬಿಟ್ಟಿತು. ಹುಡುಗಿಯ ಕಿವಿಯ ಓಲೆ ಕಳಚಿ ಬಾರ್ ಕೌಂಟರಿನ ಅಡಿಗೆ ಉರುಳಿಹೋಯಿತು. ‘ಚೆನ್ನಾಗಿ ಬಂತು, ಇದನ್ನೇ ಇಟ್ಕೊಳ್ಳೋಣ’ ಎಂದು ಮಾನಿಟರ್ ಕಡೆಯಿಂದ ದನಿ ಬಂತು. ನಾನು ನಾಲ್ಕು ತುಂಡು ಐಸ್ ತೆಗೆದು ಬಟ್ಟೆಯಲ್ಲಿ ಸುತ್ತಿಕೊಟ್ಟೆ. ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಅದನ್ನು ಕೆನ್ನೆಗೆ ಒತ್ತಿಕೊಂಡ ಅವಳು, ‘ನೋವೇನಿಲ್ಲ ಅಕ್ಕ, ಮೇಕಪ್ ಹೋಗ್ಬಾರ್ದು ಅಷ್ಟೆ’ ಎಂದಳು. ಸಂಜೆ ಕಸ ಗುಡಿಸುವಾಗ ನಮ್ಮ ಹುಡುಗನೊಬ್ಬನಿಗೆ ಓಲೆ ಸಿಕ್ಕಿತು. ಅಷ್ಟರಲ್ಲಿ ತಂಡದವರೆಲ್ಲ ಹೊರಟುಹೋಗಿದ್ದರು. ಯಾರಾದರೂ ಕೇಳಿಕೊಂಡು ಬಂದಾರೆಂದು ಬಹಳ ದಿನ ಅದನ್ನು ಕ್ಯಾಶ್ ಕೌಂಟರಿನ ಡ್ರಾದಲ್ಲಿ ಇಟ್ಟಿದ್ದೆವು.

ಚಿತ್ರ ಬಿಡುಗಡೆಯಾದಾಗ ನಮ್ಮ ಪಬ್ ತೆರೆಯ ಮೇಲೆ ಬರುತ್ತದೆಂಬ ಹುರುಪಿನಿಂದ ನಾವು ಏಳು ಜನ ಗಾಂಧಿನಗರಕ್ಕೆ ಬೆಳಗಿನ ಆಟಕ್ಕೆ ಹೋದೆವು. ಆ ಏಟು ಬಿದ್ದಾಗ ಚಿತ್ರಮಂದಿರದ ತುಂಬ ಶಿಳ್ಳೆ. ಹಿಂದಿನಿಂದ ಯಾರೋ ‘ಇನ್ನೊಂದು ಬಿಡು ಗುರೂ’ ಎಂದು ಕೂಗಿದರು. ಅದೇ ನಾಯಕ ಅರ್ಧ ಗಂಟೆಯ ಹಿಂದೆ ಪ್ರೇಮಭಂಗವಾಗಿ ತಾರಸಿಯ ಮೇಲೆ ಬಾಟಲಿ ಎತ್ತಿದಾಗ ಅದಕ್ಕೊಂದು ಹಾಡಿತ್ತು, ಆ ಹಾಡಿಗೂ ಇದೇ ಜನ ಎದ್ದು ಕುಣಿದಿದ್ದರು. ನಮ್ಮ ಬಾರ್‌ನಲ್ಲಿ ಕೆಲಸ ಮಾಡುತ್ತಿದ್ದ ಮಣಿಪುರದ ಹುಡುಗಿ ನನ್ನ ಪಕ್ಕದಲ್ಲಿದ್ದಳು. ಅವಳಿಗೆ ಕನ್ನಡ ಅರ್ಧಂಬರ್ಧ ಬರುತ್ತಿತ್ತು. ಹೊರಗೆ ಬಂದ ಮೇಲೆ, ಸಿನಿಮಾದ ಆ ಹುಡುಗಿಗೆ ಹೊಡೆದಾಗ ಎಲ್ಲರಿಗೂ ಯಾಕೆ ಖುಷಿಯಾಯಿತು ಎಂದು ಕೇಳಿದಳು. ನನಗೆ ಉತ್ತರ ಕೊಡಲಾಗಲಿಲ್ಲ. ಆ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮರುವರ್ಷದ ಯುಗಾದಿಯ ಮಧ್ಯಾಹ್ನ ಆ ಚಿತ್ರ ಟಿ.ವಿ.ಯಲ್ಲಿ ಬಂತು. ನನಗೆ ಹಬ್ಬಕ್ಕೆ ರಜೆ ಇರಲಿಲ್ಲ. ರಾತ್ರಿ ಕೆಲಸದ ನಡುವೆ ಅವ್ವ ಫೋನ್ ಮಾಡಿದಳು. ಅಲ್ಲಿಯವರೆಗೆ ಅವಳಿಗೆ ನನ್ನ ಕೆಲಸದ ಬಗ್ಗೆ ಯಾವ ಮುಜುಗರವೂ ಇರಲಿಲ್ಲ. ಮಗಳು ದೊಡ್ಡ ಹೋಟೆಲಿನಲ್ಲಿ ಕೆಲಸದಲ್ಲಿದ್ದಾಳೆ, ರಾತ್ರಿ ಪಾಳಿ ಇರುತ್ತದೆ ಎಂದು ಊರಿನವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಅಂದು, ‘ಇಂತಾ ಜಾಗ್ದಲ್ಲೇನವ್ವ ನೀನು ಕೆಲ್ಸ ಮಾಡದು?’ ಎಂದು ಕೇಳಿದಳು. ಹಾಗೇನಿಲ್ಲ ಎಂದು ನಾನು ಹೇಳುತ್ತಿರುವಾಗಲೇ ಸುಮ್ಮನಾದಳು. ಅಂದಿನಿಂದ ಯಾರಾದರೂ ಕೇಳಿದರೆ ಮಗಳು ಗಾರ್ಮೆಂಟ್ಸ್‌ನಲ್ಲಿದ್ದಾಳೆ ಎನ್ನುತ್ತಾಳೆ. ಐದಾರು ವರ್ಷ ದುಡಿದು ಸಂಪಾದಿಸಿದ ಒಂದು ಮರ್ಯಾದೆ ಎರಡು ನಿಮಿಷದ ಸಂಭಾಷಣೆಯಲ್ಲಿ ಹೋದ ಬಗೆ ಇದು. ಬರೆದವರಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ, ಆದ್ದರಿಂದ ತಿಳಿಸುತ್ತಿದ್ದೇನೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಚಿತ್ರ ಬಿಡುಗಡೆಯಾದ ಮೂರನೆಯ ವಾರದ ಶನಿವಾರ, ಹುಟ್ಟುಹಬ್ಬಕ್ಕೆಂದು ಬಂದಿದ್ದ ನಾಲ್ವರು ಹುಡುಗಿಯರ ಟೇಬಲ್ ಬಳಿಗೆ ಪಕ್ಕದ ಟೇಬಲ್ಲಿನವನೊಬ್ಬ ಹೋಗಿ ನಿಂತ. ಅವನೂ ಕುಡಿದಿದ್ದ. ತುಳಸಿಕಟ್ಟೆಯ ಮಾತನ್ನು ಅಕ್ಷರ ಬಿಡದೆ ಅವರ ಮುಂದೆ ಒಪ್ಪಿಸಿದ. ಅವರಲ್ಲೊಬ್ಬಳು ದಯವಿಟ್ಟು ಹೋಗಿ ಎಂದದ್ದಕ್ಕೆ ಕೈ ಎತ್ತಿದ. ನಮ್ಮ ಬೌನ್ಸರ್ ನಡುವೆ ಬಂದು ಹಿಡಿದುಕೊಂಡ. ಅವನ ಕೈಯನ್ನು ಸಿನಿಮಾ ಎತ್ತಿಸಿತು ಎಂದು ನಾನು ಹೇಳುವುದಿಲ್ಲ, ಅಂಥವರು ಸಿನಿಮಾ ಹುಟ್ಟುವುದಕ್ಕೆ ಮೊದಲೂ ಇದ್ದರು. ಆದರೆ ಎತ್ತಿದ ಕೈಗೆ ಬೇಕಾದ ಮಾತು ಅವನಿಗೆ ಸಿದ್ಧವಾಗಿ ಸಿಕ್ಕಿತ್ತು. ತಾನು ಮಾಡುತ್ತಿರುವುದು ಪುಂಡಾಟವೆಂದು ಅವನಿಗೆ ಅನ್ನಿಸಿರಲಿಲ್ಲ, ನಾಯಕನ ಕೆಲಸವೆಂದೇ ಅವನು ನಂಬಿದ್ದ.

2009ರ ಜನವರಿ 24ರಂದು ಮಂಗಳೂರಿನ ಬಲ್ಮಠದ ಪಬ್ ಒಂದಕ್ಕೆ ಗುಂಪೊಂದು ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದು ನಿಮಗೆ ನೆನಪಿರಬೇಕು. ನಾನಾಗ ಇನ್ನೂ ಊರಿನಲ್ಲಿದ್ದೆ. ಕೂದಲು ಹಿಡಿದು ಎಳೆಯುವ, ಓಡುತ್ತಿದ್ದವರನ್ನು ಕೆಡವುವ ದೃಶ್ಯಗಳನ್ನು ದಿನವಿಡೀ ಟಿ.ವಿ.ಯಲ್ಲಿ ನೋಡಿದೆವು. ಅಲ್ಲಿಯೂ ಕ್ಯಾಮೆರಾ ಇತ್ತು, ಅಲ್ಲಿಯೂ ಕೆನ್ನೆಗೆ ಹೊಡೆಯುವವರು ಸಂಸ್ಕೃತಿಯ ಹೆಸರು ಹೇಳುತ್ತಿದ್ದರು. ಇಡೀ ದೇಶ ನೋಡಿದ ಆ ಪ್ರಕರಣದ ಆರೋಪಿಗಳು 2018ರ ಮಾರ್ಚ್‌ನಲ್ಲಿ ಸಾಕ್ಷ್ಯದ ಕೊರತೆಯಿಂದ ಖುಲಾಸೆಯಾದರು. ಮರುತಿಂಗಳೋ ಅದರ ಮುಂದಿನ ತಿಂಗಳೋ ನಮ್ಮ ಪಬ್‌ನಲ್ಲಿ ಈ ದೃಶ್ಯದ ಚಿತ್ರೀಕರಣ ನಡೆಯಿತು. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಹೆಣ್ಣುಮಕ್ಕಳು ಜನಜಂಗುಳಿಯ ನಡುವೆ ಅನುಭವಿಸಿದ್ದನ್ನು ಕೇಳಿದ ಮೇಲೂ, ಅಂದಿನ ಗೃಹ ಸಚಿವರ ಮಾತು ಯುವಜನರ ಪಾಶ್ಚಾತ್ಯ ಉಡುಪಿನ ಕಡೆಗೆ ಹೋಗಿತ್ತು. ಆ ರಾತ್ರಿ ನಾನು ಕೆಲಸದಲ್ಲಿದ್ದೆ. ಹೊರಗಿನ ಗಲಾಟೆಗೆ ಹೆದರಿದ ಹತ್ತಾರು ಹುಡುಗಿಯರು ನಮ್ಮ ಪಬ್‌ನಿಂದ ಹೊರಗೆ ಹೋಗಲು ಒಪ್ಪದೆ ಅಡುಗೆಮನೆಯ ಪ್ಯಾಸೇಜಿನಲ್ಲಿ ನಿಂತಿದ್ದರು. ಬೀದಿಗಿಂತ ಪಬ್ಬೇ ಅವರಿಗೆ ಸುರಕ್ಷಿತವಾಗಿ ಕಂಡಿತ್ತು. ನಮ್ಮ ಬೌನ್ಸರುಗಳು ನಾಲ್ಕು ನಾಲ್ಕು ಜನರನ್ನಾಗಿ ಕರೆದುಕೊಂಡು ಹೋಗಿ ಆಟೊ ಹತ್ತಿಸಿ ಬಂದರು. ಪಬ್ ಎಂದೊಡನೆ ಹೆಣ್ಣು ಹಾಳಾಗುವ ಜಾಗವೆಂದು ಬರೆಯುವವರು ಇಂಥ ಒಂದು ರಾತ್ರಿಯನ್ನಾದರೂ ಬರೆದಿದ್ದರೆ ಚೆನ್ನಾಗಿತ್ತು.

ಪಬ್ ದೇವಸ್ಥಾನವೆಂದು ವಾದಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಕುಡಿತ ಮಾಡುವ ಅನಾಹುತವನ್ನು ನಮ್ಮಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಬೈಕಿನ ಕೀಲಿ ಕಿತ್ತಿಟ್ಟುಕೊಂಡು ಗಿರಾಕಿಗಳಿಂದ ಬೈಗುಳ ತಿಂದಿದ್ದೇನೆ. 21 ತುಂಬದವರಿಗೆ ಮದ್ಯ ಕೊಡುವುದಿಲ್ಲವೆಂಬ ಫಲಕ ಬಾಗಿಲಲ್ಲೇ ಇದ್ದರೂ ಅಣ್ಣನ ಗುರುತಿನ ಚೀಟಿ ತಂದು ತೋರಿಸುವ ಮಕ್ಕಳನ್ನು ವಾಪಸು ಕಳಿಸಿದ್ದೇನೆ. ನಮ್ಮ ಜೊತೆಯ ಕೆಲಸಗಾರರೇ ಕುಡಿತಕ್ಕೆ ಬಿದ್ದು ಸಂಸಾರ ಕಳೆದುಕೊಂಡದ್ದನ್ನು ಕಂಡಿದ್ದೇನೆ. ಇವುಗಳನ್ನು ನೀವು ತೋರಿಸಿದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಚಿತ್ರಗಳಲ್ಲಿ ಕುಡಿತದ ಕೆಡುಕು ಹುಡುಗಿಯ ಕೈಯಲ್ಲಿ ಗ್ಲಾಸು ಬಂದಾಗ ಮಾತ್ರ ನೆನಪಾಗುತ್ತದೆ. ಗಂಡಿನ ಕೈಯಲ್ಲಿರುವಾಗ ಪರದೆಯ ಮೂಲೆಯಲ್ಲಿ ‘ಮದ್ಯಪಾನ ಆರೋಗ್ಯಕ್ಕೆ ಹಾನಿಕರ’ ಎಂಬ ಸಾಲು ಸಣ್ಣದಾಗಿ ಬಂದು ಹೋದರೆ ಸಾಕಾಗುತ್ತದೆ.

ನಿಮ್ಮ ಪಬ್‌ಗಳು ಎಲ್ಲಿಯವು ಎಂಬುದೂ ನಮಗೆ ತಿಳಿಯದಾಗಿದೆ. ಹಳೆಯ ಚಿತ್ರಗಳ ಕ್ಯಾಬರೆಯ ವೇದಿಕೆ, ಮುಂಬಯಿಯ ಡಾನ್ಸ್ ಬಾರ್, ಎಲ್ಲೋ ವಿದೇಶದ ನೈಟ್‌ಕ್ಲಬ್ ಎಲ್ಲವನ್ನೂ ಕಲಸಿ ಒಂದೇ ಕೋಣೆಯಲ್ಲಿ ಇಡುತ್ತೀರಿ. ಬೆಂಗಳೂರಿನಲ್ಲಿ ಕ್ಯಾಬರೆ, ಡಿಸ್ಕೊ, ಲೈವ್ ಬ್ಯಾಂಡುಗಳಿಗೆ ಪೊಲೀಸ್ ಪರವಾನಗಿಯನ್ನು ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ನಿಯಮಗಳಿಂದ ಕೆಲಸ ಕಳೆದುಕೊಂಡು ಬೇರೆ ಬೇರೆ ಕಡೆ ಚದುರಿದ ಹಾಡುಗಾರ್ತಿಯರ ಬಗ್ಗೆ ಒಂದು ಕಥೆ ಬರಬಹುದಿತ್ತು. ನಮ್ಮ ಸಾಧಾರಣ ಪಬ್‌ನಲ್ಲಿ ಹೆಚ್ಚಿನ ದಿನ ಯಾರೂ ಕುಣಿಯುವುದಿಲ್ಲ. ಜನ ಕಡಲೆಬೀಜದ ಮಸಾಲೆ, ಆಲೂಗಡ್ಡೆ ಫ್ರೈ ಮುಂದಿಟ್ಟುಕೊಂಡು ಆಫೀಸಿನ ಕಷ್ಟ ಹೇಳಿಕೊಳ್ಳುತ್ತಾರೆ, ಕ್ರಿಕೆಟ್ ನೋಡುತ್ತಾರೆ, ಬಿಲ್ಲನ್ನು ಐದು ಭಾಗ ಮಾಡಲು ಒದ್ದಾಡುತ್ತಾರೆ.

ವಾರದ ನಡುವೆ ಹುಡುಗಿಯರಿಗೆ ಉಚಿತವಾಗಿ ಪಾನೀಯ ಕೊಡುವ ‘ಲೇಡೀಸ್ ನೈಟ್’ ಇರುತ್ತದೆ. ಬಿಟ್ಟಿ ಸಿಗುತ್ತದೆಂದು ಹುಡುಗಿಯರು ಮುಗಿಬೀಳುತ್ತಾರೆ ಎಂದು ನಿಮ್ಮ ಹಾಸ್ಯನಟರು ಗೇಲಿ ಮಾಡುವುದನ್ನು ಕೇಳಿದ್ದೇನೆ. ಅದನ್ನು ಯೋಚಿಸಿ ಇಟ್ಟವರು ಪಬ್‌ನ ಮಾಲೀಕರು, ಹುಡುಗಿಯರು ಕಂಡರೆ ದುಡ್ಡು ಕೊಟ್ಟು ಕುಡಿಯುವ ಗಂಡಸರು ಬರುತ್ತಾರೆಂಬ ಲೆಕ್ಕಾಚಾರ ಅವರದು. ಅಂದಿನ ಗಲ್ಲಾದಲ್ಲಿ ಬೀಳುವುದು ಬಹುಪಾಲು ಗಂಡಸರ ದುಡ್ಡು. ಒಂಟಿ ಗಂಡಸರನ್ನು ಬಾಗಿಲಲ್ಲೇ ತಡೆಯುವ ಪಬ್‌ಗಳು ಯಾಕಿವೆ, ಹಾಗೆ ತಡೆಸಿಕೊಂಡ ಊರಿನ ಹುಡುಗನಿಗೆ ಏನನ್ನಿಸುತ್ತದೆ, ಅವನ ಸಿಟ್ಟು ಕೊನೆಗೆ ಯಾರ ಮೇಲೆ ತಿರುಗುತ್ತದೆ ಎಂಬಲ್ಲಿ ದೊಡ್ಡ ಕಥೆಯಿದೆ. ಅದನ್ನು ಗೇಲಿಯಲ್ಲಿ ಕಳೆದುಬಿಟ್ಟಿದ್ದೀರಿ.

ನಗರದ ಯುವಜನರ ಬಗ್ಗೆ ಚಿತ್ರ ಮಾಡುತ್ತೇವೆ ಎನ್ನುವವರಿಗೆ ನಾನು ಕಂಡ ಒಬ್ಬ ಹುಡುಗನನ್ನು ತೋರಿಸಬೇಕೆನಿಸುತ್ತದೆ. ರಾಯಚೂರು ಕಡೆಯವನು, ಮೊದಲ ಸಂಬಳದ ದಿನ ರೂಮಿನ ಗೆಳೆಯರನ್ನು ಕರೆದುಕೊಂಡು ಬಂದಿದ್ದ. ಮೆನು ಕಾರ್ಡಿನಲ್ಲಿ ಅವನ ಕಣ್ಣು ಬಲಗಡೆಯ ಬೆಲೆಗಳ ಸಾಲಿನಲ್ಲೇ ಓಡುತ್ತಿತ್ತು. ತೆರಿಗೆ ಸೇರಿ ಎಷ್ಟಾಗುತ್ತದೆ ಎಂದು ನನ್ನನ್ನು ಎರಡು ಸಲ ಮೆಲ್ಲಗೆ ಕೇಳಿದ. ಒಂಬತ್ತೂವರೆಗೆ ಅವನಿಗೆ ಫೋನ್ ಬಂತು. ಎದ್ದು ಓಡಿಹೋಗಿ, ಸಂಗೀತ ಕೇಳಿಸದಿರಲೆಂದು ಹಿಂದಿನ ಮೆಟ್ಟಿಲ ಬಾಗಿಲು ಎಳೆದುಕೊಂಡು, ‘ಆಫೀಸ್‌ನ್ಯಾಗ ಅದೀನವ್ವಾ, ಊಟ ಆತು, ರೊಕ್ಕ ನಾಳಿ ಹಾಕ್ತೀನಿ’ ಎಂದ. ಫೋನ್ ಇಟ್ಟ ಮೇಲೆ ಒಳಗೆ ಬರದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಕೆನ್ನೆಗೆ ಐಸ್ ಒತ್ತಿಕೊಂಡು ಆ ಹುಡುಗಿ ಕೂತಿದ್ದ ಮೆಟ್ಟಿಲೂ ಅದೇ. ಅವನು ಹೇಳಿದ ಸುಳ್ಳಿನಲ್ಲಿ ಎಷ್ಟೊಂದು ಪ್ರೀತಿಯಿತ್ತು, ಎಷ್ಟೊಂದು ಅಂಜಿಕೆಯಿತ್ತು. ಇಂದಿಗೂ ನಮ್ಮಲ್ಲಿಗೆ ಬರುವ ಅರ್ಧಕ್ಕರ್ಧ ಮಕ್ಕಳು ಹೀಗೆ ಮನೆಗೂ ಈ ಊರಿಗೂ ನಡುವಿನ ಯಾವುದೋ ಮೆಟ್ಟಿಲ ಮೇಲೆ ನಿಂತವರೇ. ಅವರಿಗೆ ಭಾಷಣ ಮಾಡುವ ನಾಯಕ ನಿಮ್ಮಲ್ಲಿ ಬೇಕಾದಷ್ಟಿದ್ದಾನೆ, ಅವರ ಪಕ್ಕದಲ್ಲಿ ಹೋಗಿ ನಿಲ್ಲುವವನು ಕಾಣುವುದಿಲ್ಲ.

ನಮ್ಮನ್ನಂತೂ ನೀವು ನೋಡಿಯೇ ಇಲ್ಲ. ಟ್ರೇ ಹಿಡಿದು ಹಿಂದೆ ಸರಿದುಹೋಗುವವರು, ಹೊಡೆದಾಟದಲ್ಲಿ ಗಾಜಿನ ಮೇಲೆ ಬೀಳುವ ಬೌನ್ಸರುಗಳು, ಇವಿಷ್ಟೇ ನಾವು. ಮದ್ಯ ಬಳಸುವ ಸ್ಥಳಗಳಲ್ಲಿ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆಯ 30ನೆಯ ಕಲಮನ್ನು 2007ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಹೆಣ್ಣಿಗೆ ಅಪಾಯವಿದೆಯೆಂದು ಅವಳ ಕೆಲಸ ಕಿತ್ತುಕೊಳ್ಳುವುದು ಸರಿಯಲ್ಲ, ಅವಳು ನಿರ್ಭಯವಾಗಿ ದುಡಿಯುವಂತೆ ನೋಡಿಕೊಳ್ಳಬೇಕು ಎಂಬುದು ಆ ತೀರ್ಪಿನ ತಿರುಳು. ನ್ಯಾಯಾಲಯ ಇಷ್ಟು ಸ್ಪಷ್ಟವಾಗಿ ಹೇಳಿ ವರ್ಷಗಳಾದರೂ, ಬಾರ್ ಕೌಂಟರಿನ ಹಿಂದೆ ನಿಂತ ಹೆಣ್ಣು ನಿಮ್ಮ ಕಥೆಗಳಲ್ಲಿ ಇನ್ನೂ ಒಂದು ಕಣ್ಣುಮಿಟುಕಿನ ಪಾತ್ರವಾಗಿಯೇ ಉಳಿದಿದ್ದಾಳೆ. ಆಕೆ 30 ಮಿಲಿಯ ಅಳತೆಯಲ್ಲಿ ಒಂದು ಹನಿ ಹೆಚ್ಚುಕಡಿಮೆಯಾದರೆ ರಾತ್ರಿಯ ದಾಸ್ತಾನು ಲೆಕ್ಕದಲ್ಲಿ ತನ್ನ ಸಂಬಳದಿಂದ ಕಟ್ಟಿಕೊಡುವವಳು.

2017ರ ಜುಲೈ ಒಂದನ್ನು ನಾವು ಮರೆಯುವುದಿಲ್ಲ. ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂಬ ಸುಪ್ರೀಂ ಕೋರ್ಟಿನ ಆದೇಶದಿಂದಾಗಿ ಅಂದು ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್ ಸುತ್ತಮುತ್ತ ಬಾಗಿಲುಗಳು ಒಮ್ಮೆಲೇ ಮುಚ್ಚಿದವು. ಊರ ನಡುವಿನ ರಸ್ತೆಗೆ ಕಾಗದದ ಮೇಲೆ ಹೆದ್ದಾರಿಯೆಂಬ ಹೆಸರಿದ್ದದ್ದು ನಮಗೆ ಅಂದೇ ಗೊತ್ತಾದದ್ದು. ಜುಲೈ 11ರಂದು, ನಗರಗಳ ಒಳಗಿನ ಪರವಾನಗಿಗಳಿಗೆ ಅದು ಅಡ್ಡಿಯಲ್ಲವೆಂದು ಕೋರ್ಟ್ ಸ್ಪಷ್ಟಪಡಿಸಿದರೂ, ಕಾಗದಪತ್ರಗಳು ಮೇಜಿನಿಂದ ಮೇಜಿಗೆ ಓಡಾಡಲು ವಾರಗಳೇ ಹಿಡಿದವು. ಬಡಿಸುವವರ ಉಸ್ತುವಾರಿ ನೋಡುತ್ತಿದ್ದ ನಮ್ಮ ಕುಂದಾಪುರದ ಕ್ಯಾಪ್ಟನ್ ಊರಿಗೆ ಹೋದವರು ತಿರುಗಿ ಬರಲಿಲ್ಲ. ಅಸ್ಸಾಮಿನ ಇಬ್ಬರು ಹುಡುಗರು ಬಾಡಿಗೆ ಕಟ್ಟಲಾಗದೆ ರೂಮಿನ ಗ್ಯಾಸ್ ಸಿಲಿಂಡರ್ ಮಾರಿದರು. ನಾನು ಮದುವೆ ಛತ್ರಗಳಲ್ಲಿ ಊಟ ಬಡಿಸಲು ಹೋದೆ.

ಮೂರು ವರ್ಷದ ನಂತರ ಆದದ್ದು ನಿಮಗೂ ನಮಗೂ ಒಟ್ಟಿಗೇ ಆಯಿತು. ಕೊರೊನಾ ಕಾರಣಕ್ಕೆ 2020ರ ಮಾರ್ಚ್ 13ರಂದು ಸರ್ಕಾರ ಪ್ರಕಟಿಸಿದ ಒಂದೇ ತೀರ್ಮಾನ ನಿಮ್ಮ ಚಿತ್ರಮಂದಿರಗಳನ್ನೂ ನಮ್ಮ ಪಬ್‌ಗಳನ್ನೂ ಮುಚ್ಚಿಸಿತು. ಒಂದು ವಾರಕ್ಕೆಂದು ಹಾಕಿದ ಬಾಗಿಲು ನಮಗೆ ಸೆಪ್ಟೆಂಬರ್ ಒಂದರಂದು, ನಿಮಗೆ ಅಕ್ಟೋಬರ್ 15ರಂದು, ಅದೂ ಅರ್ಧ ಆಸನಗಳಿಗೆ ಮಾತ್ರ, ತೆರೆಯಿತು. ಆ ದಿನಗಳಲ್ಲಿ ನಿಮ್ಮ ಲೈಟ್‌ಬಾಯ್‌ಗಳೂ ನಮ್ಮ ಸ್ಟೀವರ್ಡ್‌ಗಳೂ ಒಂದೇ ದಿನಸಿ ಕಿಟ್‌ನ ಸರದಿಯಲ್ಲಿ ನಿಂತಿದ್ದನ್ನು ನಾನು ನೋಡಿದ್ದೇನೆ. ಕತ್ತಲಾದ ಮೇಲೆ ಜನರಿಗೆ ಎರಡು ಮೂರು ಗಂಟೆ ಸಂತೋಷ ಕೊಟ್ಟು ಬದುಕುವ ಕಸುಬು ಇಬ್ಬರದೂ. ಅದಕ್ಕಾಗಿಯೇ ನಿಮ್ಮ ಕಡೆಯಿಂದ ಬರುವ ತಾತ್ಸಾರ ಹೆಚ್ಚು ನೋಯುತ್ತದೆ.

2018ರ ಜನವರಿ 8ರ ಬೆಳಗಿನ ಜಾವ ಕಲಾಸಿಪಾಳ್ಯದ ಬಾರ್ ಒಂದಕ್ಕೆ ಬೆಂಕಿ ಬಿದ್ದು, ಕೆಲಸ ಮುಗಿಸಿ ಒಳಗೇ ಮಲಗಿದ್ದ ಐವರು ಕೆಲಸಗಾರರು ಸತ್ತರು. ಅದಕ್ಕೆ ಹತ್ತೇ ದಿನ ಮೊದಲು ಮುಂಬಯಿಯ ಕಮಲಾ ಮಿಲ್ಸ್ ಆವರಣದ ಪಬ್‌ಗಳ ಬೆಂಕಿಯಲ್ಲಿ 14 ಮಂದಿ ಹೋಗಿದ್ದರು. 2025ರ ಡಿಸೆಂಬರ್ 6ರ ರಾತ್ರಿ ಗೋವಾದ ಆರ್ಪೋರಾದ ನೈಟ್‌ಕ್ಲಬ್‌ನಲ್ಲಿ ಸತ್ತ 25 ಮಂದಿಯಲ್ಲಿ ಬಹುಪಾಲು ಅಲ್ಲಿನ ಕೆಲಸಗಾರರೇ. ನಮ್ಮ ರಾತ್ರಿಯ ನಿಜವಾದ ಭಯ ಇದು: ಹೊಗೆ, ಇಕ್ಕಟ್ಟಾದ ಮೆಟ್ಟಿಲು, ಬಾಟಲಿಯ ಕ್ರೇಟು ಒಟ್ಟಿ ಮುಚ್ಚಿಹೋದ ಹಿಂಬಾಗಿಲು. ನಿಮ್ಮ ತೆರೆಯ ಮೇಲೆ ಹೊಗೆ ಬರುವುದು ಹಾಡಿಗೆ ಮಾತ್ರ.

ಇಷ್ಟು ಹೇಳಿದ ಮೇಲೆ ನನ್ನ ಮನವಿಗೆ ಬರುತ್ತೇನೆ. ಕತ್ತರಿ ಹಾಕಿ ಎಂದು ನಾನು ಯಾರನ್ನೂ ಕೇಳುತ್ತಿಲ್ಲ. ಹೆಣ್ಣನ್ನು ಯಾವ ರೀತಿಯಲ್ಲೂ ಕೀಳುಗಳೆಯಬಾರದು, ಕುಡಿತವನ್ನು ವೈಭವೀಕರಿಸಬಾರದು ಎಂಬ ಮಾತುಗಳು 1991ರ ಡಿಸೆಂಬರ್‌ನ ಚಲನಚಿತ್ರ ಪ್ರಮಾಣೀಕರಣ (ಸೆನ್ಸಾರ್) ಮಾರ್ಗಸೂಚಿಯಲ್ಲಿ ಇದ್ದೇ ಇವೆ. ಅವು ಇದ್ದೂ ಆ ಏಟು ಶಿಳ್ಳೆ ಗಿಟ್ಟಿಸಿತು. ಆದ್ದರಿಂದ ನನ್ನ ಕೋರಿಕೆ ಬರೆಯುವವರ ಮೇಜಿನ ಹತ್ತಿರವೇ ಬಂದು ನಿಲ್ಲುತ್ತದೆ. ಹುಡುಗಿಯ ಕೆನ್ನೆಯ ಮೇಲೆ ಬೀಳುವ ಏಟನ್ನು ನಾಯಕನ ಗುಣವೆಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಕಥೆಗೆ ಅಂಥ ಏಟು ಬೇಕೇ ಬೇಕಾದರೆ, ಅದು ಬಿದ್ದ ಮೇಲೆ ಕ್ಯಾಮೆರಾ ಹೊಡೆದವನ ಮುಖ ಬಿಟ್ಟು ಹೊಡೆಸಿಕೊಂಡವಳ ಹತ್ತಿರ ಉಳಿಯಲಿ, ಅವಳು ಮನೆಗೆ ಹೇಗೆ ಹೋದಳು, ಮರುದಿನ ಆಫೀಸಿಗೆ ಹೇಗೆ ಬಂದಳು ಎಂದು ನೋಡಲಿ. ಕುಡಿತದ ಕೆಡುಕನ್ನು ಹೇಳುವುದಾದರೆ ಗಂಡಿಗೂ ಹೆಣ್ಣಿಗೂ ಒಂದೇ ಅಳತೆಯಲ್ಲಿ ಹೇಳಿ. ಈಶಾನ್ಯ ರಾಜ್ಯಗಳಿಂದ ಬಂದು ನಮ್ಮೊಡನೆ ದುಡಿಯುವ ಮಕ್ಕಳಿಗೆ ಒಂದು ಹೆಸರು, ಒಂದು ಊರು ಕೊಟ್ಟು ಪಾತ್ರ ಬರೆಯಿರಿ. ನಮ್ಮ ಪಬ್‌ಗೆ ಬಂದಿದ್ದ ಆ ತಂಡದಲ್ಲಿ ಏಟು ತಿಂದ ಹುಡುಗಿಗೆ ಐಸ್ ತರಲು ಕೂಡ ಯಾರೂ ಇರಲಿಲ್ಲ. ಹೊಡೆದಾಟದ ದೃಶ್ಯಗಳಲ್ಲಿ ಜೂನಿಯರ್ ಕಲಾವಿದರಿಗೆ ನಿಜವಾಗಿ ಪೆಟ್ಟು ಬಿದ್ದರೆ ಚಿತ್ರೀಕರಣ ನಿಲ್ಲಿಸಿ ಆರೈಕೆ ಮಾಡಬೇಕೆಂಬ, ಆ ಟೇಕನ್ನು ಬಳಸಬೇಕಾದರೆ ಅವರನ್ನು ಕೇಳಬೇಕೆಂಬ ನಿಯಮವನ್ನು ವಾಣಿಜ್ಯ ಮಂಡಳಿ ತನ್ನ ಸದಸ್ಯರ ನಡುವೆ ಜಾರಿಗೆ ತರಬೇಕೆಂದು ವಿನಂತಿಸುತ್ತೇನೆ. ಪಬ್‌ನಲ್ಲಿ ಚಿತ್ರೀಕರಣ ನಡೆಸುವಾಗ ಕಪ್ಪು ಬಟ್ಟೆ ಕಟ್ಟುವವರು ತುರ್ತು ಬಾಗಿಲನ್ನು ಮುಚ್ಚದಂತೆ ನೋಡಿಕೊಳ್ಳುವ ಜವಾಬ್ದಾರಿಯನ್ನೂ ಯಾರಾದರೊಬ್ಬರ ಹೆಸರಿಗೆ ಬರೆದಿಡಬೇಕು. ಅಂದು ನಮ್ಮಲ್ಲಿ ಅದು ಎರಡು ದಿನವೂ ಮುಚ್ಚಿಯೇ ಇತ್ತು.

ಕೊನೆಯದಾಗಿ, ಬರೆಯುವ ಮೊದಲು ಒಮ್ಮೆ ಬನ್ನಿ. ಶನಿವಾರ ಬೇಡ, ಅಂದು ಯಾರಿಗೂ ಮಾತನಾಡಲು ಪುರುಸೊತ್ತಿರುವುದಿಲ್ಲ. ಮಂಗಳವಾರ ಜನ ಕಡಿಮೆ. ಸಂಜೆ ನಾಲ್ಕಕ್ಕೆ ಬಂದರೆ ಗ್ಲಾಸು ಒರೆಸುತ್ತ ಎಲ್ಲರೂ ಮಾತಿಗೆ ಸಿಗುತ್ತಾರೆ. ಹನ್ನೆರಡೂವರೆಗೆ ಕೊನೆಯ ಆರ್ಡರ್ ಕೇಳುತ್ತೇವೆ, ಒಂದು ಗಂಟೆಗೆ ದೀಪ ಪೂರ್ತಿ ಹಾಕುತ್ತೇವೆ. ಆಗ ಗಿರಾಕಿಗಳ ಮುಖಗಳನ್ನು ನೋಡಿ, ಸಂಗೀತ ನಿಂತ ಮೇಲೆ ಎಲ್ಲರೂ ಎಷ್ಟು ಚಿಕ್ಕವರಾಗಿ ಕಾಣುತ್ತಾರೆಂದು ನಿಮಗೇ ತಿಳಿಯುತ್ತದೆ. ನಂತರ ನೆಲ ಒರೆಸಿ, ದಾಸ್ತಾನು ಬರೆದು, ಟಿಪ್ಸ್ ಹಂಚಿಕೊಂಡು ನಾವು ಹೊರಡುವುದು ಎರಡು ಗಂಟೆಗೆ. ಆ ಹೊತ್ತಿಗೆ ಮೆಟ್ರೊ ನಿಂತಿರುತ್ತದೆ. ಹೆಣ್ಣುಮಕ್ಕಳು ನಾಲ್ವರು ಒಂದು ಕ್ಯಾಬ್ ಹಂಚಿಕೊಳ್ಳುತ್ತೇವೆ. ಮೊದಲು ಇಳಿಯುವವಳು ವಿವೇಕನಗರದಲ್ಲಿ, ಕೊನೆಯವಳು ನಾನು, ಕೆ.ಆರ್. ಪುರದಲ್ಲಿ. ಗಾಡಿಯಲ್ಲಿ ನಿಮಗೂ ಜಾಗ ಮಾಡಿಕೊಡುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಪಬ್ ಒಂದರ ಮಹಡಿ ಮೇಲ್ವಿಚಾರಕಿ,
ಬೆಂಗಳೂರು